ರೇಸ್ ಕೊಟ್ಟಾಗ ಮಾತ್ರ ಗಾಡಿ ನಡುಗುತ್ತೆ: ಮೆಕ್ಯಾನಿಕ್‌ಗೆ ಕೇಳಿ

ಕುವೆಂಪುನಗರದ ಸದಸ್ಯೆ: ನಮಸ್ತೆ ಅಣ್ಣ. ನಮ್ಮದು 2014ರ ಪೆಟ್ರೋಲ್ ಕಾರು, 92,000 ಕಿ.ಮೀ. ಓಡಿದೆ. ಮೂರನೇ ಗೇರಿನಲ್ಲಿ ರೇಸ್ ಕೊಟ್ಟರೆ 40ರಿಂದ 60ರ ತನಕ ಸೀಟಿನ ಕೆಳಗೆ ಗಡಗಡ ನಡುಗುತ್ತೆ. ಕಾಲು ತೆಗೆದ ಕೂಡಲೇ ನಿಂತುಹೋಗುತ್ತೆ. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಹಾಗೇ ಇದೆ.

ಮೆಕ್ಯಾನಿಕ್, ಬನ್ನಿಮಂಟಪ: ಮೂರನೇ ಸಲ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡಬೇಡಿ ಮೇಡಂ. ಬ್ಯಾಲೆನ್ಸ್ ತಪ್ಪಿದ ಚಕ್ರ 80–100ರ ಹತ್ತಿರ ನಡುಗುತ್ತೆ, ಕಾಲು ತೆಗೆದರೂ ವೇಗ ಇಳಿಯುವ ತನಕ ಬಿಡಲ್ಲ. ನಿಮ್ಮದು ಎಂಜಿನ್ ಎಳೆಯುವಾಗ ಮಾತ್ರ ಬರುತ್ತಿದೆ. ನನಗೆ ಅನುಮಾನ ಇರೋದು ಆಕ್ಸಲ್‌ನ ಒಳಗಿನ ಜಾಯಿಂಟ್ ಮೇಲೆ. ಗೇರ್‌ಬಾಕ್ಸ್ ಪಕ್ಕ ಬಟ್ಟಲಿನ ಥರ ಒಂದು ಇರುತ್ತೆ, ಅದರೊಳಗೆ ಮೂರು ರೋಲರ್. ಎಂಜಿನ್ ಎಳೆಯುವಾಗ ಅವು ಬಟ್ಟಲಿನ ಗೋಡೆಯ ಅದೇ ಜಾಗವನ್ನು ಒತ್ತುತ್ತವೆ. ವರ್ಷಗಟ್ಟಲೆ ಒತ್ತಿ ಒತ್ತಿ ಅಲ್ಲಿ ಸಣ್ಣ ಹಳ್ಳ ಬೀಳುತ್ತೆ. ಆಮೇಲೆ ರೋಲರ್ ಸಲೀಸಾಗಿ ಜಾರಲ್ಲ. ತಡೆದು ತಡೆದು ಜಾರುತ್ತಾ ಗಾಡಿಯನ್ನು ಅಕ್ಕಪಕ್ಕಕ್ಕೆ ತಳ್ಳುತ್ತೆ. ಕಾಲು ತೆಗೆದರೆ ಒತ್ತಡ ಇಲ್ಲ, ನಡುಕವೂ ಇಲ್ಲ.

ಚಾಮುಂಡಿ ಬೆಟ್ಟಕ್ಕೆ ಒಂದು ಸಲ ಹೋಗಿ ಬನ್ನಿ. ಹತ್ತುವಾಗ ನಡುಗಿ, ಇಳಿಯುವಾಗ ಅದೇ ವೇಗದಲ್ಲಿ ಸುಮ್ನಿದ್ದರೆ ಅನುಮಾನ ಗಟ್ಟಿಯಾಗುತ್ತೆ. ಆದರೂ ಜಾಯಿಂಟ್ ಬಿಚ್ಚುವ ಮೊದಲು ಎಂಜಿನ್ ಮೌಂಟಿಂಗ್, ಪ್ಲಗ್ ನೋಡಿಸಿ. ಮಿಸ್ಸಿಂಗ್ (ಒಂದು ಸಿಲಿಂಡರ್ ಆಗಾಗ ಉರಿಯದೆ ಬಿಡೋದು) ಇದ್ದರೂ ಎಳೆಯುವಾಗಲೇ ನಡುಗುತ್ತೆ, ಆದರೆ ಆಗ ಪಿಕಪ್ಪೂ ಇರಲ್ಲ. ಗಾಡಿ ಎತ್ತಿದಾಗ ಜಾಯಿಂಟ್ ಮುಚ್ಚಿರೋ ರಬ್ಬರ್ ಬೂಟ್ ಹರಿದಿದೆಯಾ, ಸುತ್ತ ಗ್ರೀಸ್ ಚಿಮ್ಮಿದೆಯಾ ಅಂತ ನೀವೇ ಬಗ್ಗಿ ನೋಡಿ. ತಿರುವಿನಲ್ಲಿ ಕಟಕಟ ಅಂದರೆ ಅದು ಹೊರಗಿನ ಜಾಯಿಂಟ್, ಬೇರೆ ಕತೆ.

ನಂಜನಗೂಡಿನ ಸದಸ್ಯ: ನನ್ನದೂ ನಡುಗುತ್ತೆ ಸರ್, 90ರಲ್ಲಿ. ಕಾಲು ತೆಗೆದರೂ ಇರುತ್ತೆ.

ಮೆಕ್ಯಾನಿಕ್: ಬ್ಯಾಲೆನ್ಸಿಂಗ್ ಮಾಡಿಸಿ.

ಪಾಂಡವಪುರದ ಸದಸ್ಯ: ನಮ್ಮದು ಹಿಂದಿನ ಚಕ್ರ ಎಳೆಯುವ ಗೂಡ್ಸ್ ಗಾಡಿ ಅಣ್ಣ. ಬೆಲ್ಲದ ಲೋಡ್ ಹಾಕಿದಾಗ ಮಾತ್ರ ಕೆಳಗೆ ಗುಡುಗುಡು.

ಮೆಕ್ಯಾನಿಕ್: ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್, ಸೆಂಟರ್ ಬೇರಿಂಗ್ ನೋಡಿಸಿ. ಲೋಡ್ ಬಿದ್ದರೆ ಶಾಫ್ಟ್ ನಿಲ್ಲುವ ಓರೆ ಬದಲಾಗುತ್ತೆ.

ಮಂಡ್ಯದ ಸದಸ್ಯ: ವಾಟ್ಸಾಪ್‌ನಲ್ಲಿ ಬಂದಿದ್ದು: "ಗಾಡಿ ನಡುಗಿದರೆ ನಾಲ್ಕೂ ಟೈರಿನ ಗಾಳಿ 10 ಪಾಯಿಂಟ್ ಇಳಿಸಿ. ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ." ಎಲ್ಲರಿಗೂ ಉಪಯೋಗ ಆಗಲಿ.

ಮೆಕ್ಯಾನಿಕ್: ದಯವಿಟ್ಟು ಅಳಿಸಿ. ಗಾಳಿ ಕಮ್ಮಿ ಇದ್ದರೆ ಟೈರಿನ ಗೋಡೆ ಮಡಚಿ ಮಡಚಿ ಕಾಯುತ್ತೆ, ಹೈವೇಯಲ್ಲಿ ಸಿಡಿಯುತ್ತೆ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ಹಾಕಿಸಿ. ಟ್ಯಾಂಕಿಗೆ ಇಂಧನ ಬಿಟ್ಟು ಇನ್ನೇನೂ ಹಾಕಬೇಡಿ.

ಮದ್ದೂರಿನ ಸದಸ್ಯ: ಸರ್, ನಿನ್ನೆ ಪಂಕ್ಚರ್ ಹಾಕಿಸಿದೆ. ಬೆಳಗ್ಗೆಯಿಂದ ನಡುಕ, ರೇಸ್ ಕೊಟ್ಟಾಗ ಜಾಸ್ತಿ. ಟಕ್ ಟಕ್ ಅಂತ ಸದ್ದು ಬೇರೆ. ಇನ್ನರ್ಧ ಗಂಟೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೊರಡಬೇಕು. ಇದೂ ಒಳಗಿನ ಜಾಯಿಂಟಾ?

ಮೆಕ್ಯಾನಿಕ್: ಹೊರಡಬೇಡಿ. ಚಕ್ರ ಬಿಚ್ಚಿ ಹಾಕಿದ ಮಾರನೇ ದಿನ ನಡುಕ ಬಂದರೆ ಮೊದಲು ವೀಲ್ ನಟ್ ನೋಡಬೇಕು. ಈಗಲೇ ಸ್ಪ್ಯಾನರ್ ಹಾಕಿ ಒಂದೊಂದಾಗಿ ಮುಟ್ಟಿ ನೋಡಿ. ನೋಡಿದ್ದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.

ಮಂಡ್ಯದ ಸದಸ್ಯ: ನಾನು ಅಳಿಸಲ್ಲ. ನಮ್ಮ ಭಾವ ಎಷ್ಟೋ ವರ್ಷದಿಂದ ಹೀಗೇ ಮಾಡ್ತಿದ್ದಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 120ಕ್ಕೆ ಹೊಡೆದು ನೋಡಿ, ದೋಷ ತಾನಾಗೇ ಗೊತ್ತಾಗುತ್ತೆ.

ಮೇಟಗಳ್ಳಿಯ ಸದಸ್ಯ: ಅಲ್ಲಿ ಮಿತಿ 100. ಗಾಳಿ ಇಳಿಸಿ 120ಕ್ಕೆ ಹೊಡೆಯೋದಾ? ಪಕ್ಕದಲ್ಲಿ ಬರುವವರ ಗತಿ ಏನು?

ಮಂಡ್ಯದ ಸದಸ್ಯ: ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ 2023ರ ಆಗಸ್ಟ್‌ನಿಂದ ಸರ್ವಿಸ್ ರಸ್ತೆಗೆ ಹೋಗಿವೆ. ರಸ್ತೆ ಖಾಲಿ ಇರುತ್ತೆ. ಮೈಸೂರಿನವರು ನಮಗೆ ಪಾಠ ಹೇಳಬೇಡಿ.

ಮೇಟಗಳ್ಳಿಯ ಸದಸ್ಯ: ಇದು ಮೈಸೂರು–ಮಂಡ್ಯದ ಮಾತಲ್ಲ ಕಣ್ರೀ. ಜೀವದ ಮಾತು.

ಶ್ರೀರಂಗಪಟ್ಟಣದ ಸದಸ್ಯೆ: ನನ್ನ ಸ್ಕೂಟರ್ ಹೊರಡುವಾಗ ಕುಲುಕುತ್ತೆ ಅಣ್ಣ, ಯಾಕೆ?

ಮೆಕ್ಯಾನಿಕ್: ಮದ್ದೂರಿನವರೇ, ನಟ್ ನೋಡಿದ್ರಾ?

ಹೆಬ್ಬಾಳದ ಸದಸ್ಯ: ರೇಸ್ ಕೊಟ್ಟಾಗ ನಡುಕ ಯಾಕೆ ಬರುತ್ತೆ ಸರ್?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ, ಓದಿ.

ಮಂಡ್ಯದ ಸದಸ್ಯ: ಪ್ರಶ್ನೆ ಕೇಳಿದವರಿಗೆ ಹೀಗಾ ಉತ್ತರ ಕೊಡೋದು?

ಮೆಕ್ಯಾನಿಕ್: ಸ್ವಲ್ಪ ಸುಮ್ನಿರಿ. ಮದ್ದೂರಿನವರೇ, ಎಲ್ಲಿದ್ದೀರಿ? ಹೊರಟಿಲ್ಲ ತಾನೇ?

ಮದ್ದೂರಿನ ಸದಸ್ಯ: ಮನೆ ಮುಂದೇನೇ ಇದ್ದೀನಿ ಸರ್. ಮುಂದಿನ ಎಡ ಚಕ್ರ. ನಾಲ್ಕರಲ್ಲಿ ಎರಡು ನಟ್ ಕೈಯಲ್ಲೇ ತಿರುಗಿದವು. ಬಿಗಿ ಮಾಡಿದೆ. ಈಗ ಹೊರಡಬಹುದಾ?

ಮೆಕ್ಯಾನಿಕ್: ಬೇಡ. ಸಡಿಲ ನಟ್‌ನಲ್ಲಿ ಓಡಿದೆ ಅಂದರೆ ರಿಮ್ಮಿನ ತೂತು ಅಗಲ ಆಗಿರಬಹುದು, ನಟ್ ಕೂರುವ ಸ್ಟಡ್ ಬಿರುಕು ಬಿಟ್ಟಿರಬಹುದು. ಹತ್ತಿರದ ಮೆಕ್ಯಾನಿಕ್‌ನ ಮನೆಗೇ ಕರೆಸಿ, ಚಕ್ರ ಬಿಚ್ಚಿಸಿ ನೋಡಿಸಿ. ಎಲ್ಲ ಸರಿ ಇದ್ದರೆ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿಸಿ. 50 ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಬಿಗಿ ನೋಡಿ. ಇವತ್ತು ಮಕ್ಕಳನ್ನು ರೈಲಿನಲ್ಲಿ ಕರ್ಕೊಂಡು ಹೋಗಿ.