ಹದಿನೈದೇ ಕೋಳಿ, ನೂರು ಡೋಸಿನ ಬಾಟಲಿ: ಲಸಿಕೆ ಹಾಕಿಸಬೇಕಾ?

ಪ್ರಶ್ನೆ:
ನಮ್ಮ ಹಿತ್ತಲಲ್ಲಿ ಆರು ಹೇಂಟೆ, ಒಂದು ಹುಂಜ. ಈಗ ಒಂದು ಹೇಂಟೆ ಎಂಟು ಮರಿ ಮಾಡಿದೆ, ಇವತ್ತಿಗೆ ನಾಲ್ಕು ದಿನ. ಮೂರು ವರ್ಷದಿಂದ ರೋಗ ಅಂತ ಒಂದೂ ಬಂದಿಲ್ಲ, ಲಸಿಕೆನೂ ಹಾಕಿಸಿಲ್ಲ. ಕೊಕ್ಕರೆ ರೋಗದ ಲಸಿಕೆ ಕೇಳಿದರೆ ಬಾಟಲಿ ನೂರು ಡೋಸಿಗಿಂತ ಚಿಕ್ಕದು ಸಿಗಲಿಲ್ಲ, ಕರಗಿಸಿದ ಮೇಲೆ ಇಟ್ಟುಕೊಳ್ಳೋ ಹಾಗೂ ಇಲ್ಲವಂತೆ. ಅದರಲ್ಲಿರೋದು ಜೀವಂತ ವೈರಸ್ ಅಂತ ಕೇಳಿದ ಮೇಲಂತೂ ಭಯ. ಚೆನ್ನಾಗಿರೋ ಮರಿಗೆ ನಾವೇ ರೋಗ ಹತ್ತಿಸಿದ ಹಾಗಾಗಲ್ವಾ?

ಉತ್ತರ 1:
ಅಕ್ಕಾ, ದಯವಿಟ್ಟು ಹಾಕಿಸಿ. ನಾನೂ ನಾಲ್ಕು ವರ್ಷ ಏನೂ ಆಗಿಲ್ಲ ಅಂತ ಸುಮ್ಮನಿದ್ದೆ. ಐದನೇ ವರ್ಷ ಹೊರಗಿಂದ ಎರಡು ಹೇಂಟೆ ತಂದು ಅವತ್ತೇ ಗೂಡಿಗೆ ಬಿಟ್ಟೆ. ವಾರದೊಳಗೆ ಒಂದು ರೆಕ್ಕೆ ಜೋಲು ಬಿಟ್ಟು ನಿಂತಿತು, ಹಸಿರು ಭೇದಿ. ಆಮೇಲೆ ನನ್ನ ಕರಿ ಹೇಂಟೆ. ಕತ್ತು ತಿರುಚಿಕೊಂಡು, ಕಾಳು ಕುಕ್ಕೋಕೆ ಬಗ್ಗಿದರೆ ಕೊಕ್ಕು ಕಾಳಿಗೆ ತಾಗದೆ ಪಕ್ಕಕ್ಕೆ ಜಾರೋದು. ಎರಡು ದಿನ ಹಾಗೇ ಒದ್ದಾಡಿತು. ಹದಿನಾರರಲ್ಲಿ ಹದಿಮೂರು ಹೋದವು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದ ಮೇಲೆ ಅದಕ್ಕೆ ಔಷಧಿ ಇಲ್ಲ. ಆ್ಯಂಟಿಬಯೋಟಿಕ್ ವೈರಸ್ಸಿಗೆ ನಾಟೋದಿಲ್ಲ.

ಜೀವಂತ ವೈರಸ್ ಅನ್ನೋದು ನಿಜ. ಆದರೆ ಮರಿಗಳಿಗೆ ಹಾಕೋ ಎಫ್ ಅಥವಾ ಲಸೋಟ ಅನ್ನೋ ವೈರಸ್ ತಳಿ ಸೌಮ್ಯವಾದದ್ದು, ಹೆಚ್ಚೆಂದರೆ ಕೆಲವು ದಿನ ಸೀನು, ಸ್ವಲ್ಪ ಮಂಕು. ನಿಮ್ಮ ಭಯ ಸರಿ ಅನ್ನಿಸೋದು ಇದೇ ರೋಗದ ಇನ್ನೊಂದು ಲಸಿಕೆ, ಆರ್2ಬಿ ವಿಷಯದಲ್ಲಿ. ಅದು ಜೋರು, ಎಂಟು ವಾರ ತುಂಬದ ಮರಿಗೆ ಕೊಡಲೇಬಾರದು. ದೊಡ್ಡ ಕೋಳಿಗಳಿಗೆ ಹಿಂದೆ ಏನೂ ಹಾಕಿಸಿಲ್ಲ, ಮೊಟ್ಟೆ ಇಡ್ತಿವೆ ಅಂತ ಪಶುವೈದ್ಯರಿಗೆ ಮೊದಲೇ ಹೇಳಿ, ಯಾವುದು ಅಂತ ಅವರು ನಿರ್ಧರಿಸಲಿ.

ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೆ ಒಂದು ಹನಿ. ಅಂಗೈಯಲ್ಲಿ ಹಿಡಿದು ತಲೆ ವಾಲಿಸಿ ಹನಿ ಬಿಡಿ, ಕೂಡಲೇ ಕೆಳಗಿಡಬೇಡಿ. ಅದು ಕಣ್ಣು ಪಿಳುಕಿಸಿ ಹನಿ ಒಳಗೆ ಇಳಿಯೋದನ್ನ ನೋಡಿ ಆಮೇಲೆ ಬಿಡಿ. ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ. ಬಾಟಲಿ 2ರಿಂದ 8 ಡಿಗ್ರಿ ತಂಪಲ್ಲಿ ಇರಬೇಕು, ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕ ಕೋಳಿ ಸಾಕಿದವರಿದ್ದರೆ ಒಂದೇ ದಿನ ಸೇರಿ ಹಾಕಿಸಿ, ಉಳಿದದ್ದು ಚೆಲ್ಲಿದರೂ ನಷ್ಟ ಅನ್ನಬೇಡಿ.

ಉತ್ತರ 2:
ಕೊಕ್ಕರೆ ರೋಗಕ್ಕೆ ಹಾಕಿಸಿ, ಒಪ್ಪಿದೆ. ಹಾಗಂತ ಇರೋ ಲಸಿಕೆಯನ್ನೆಲ್ಲ ಹಾಕಿಸೋಕೆ ಹೋಗಬೇಡಿ. ಮರೆಕ್ಸ್ ಅನ್ನೋದು ಕೋಳಿಗೆ ಗಡ್ಡೆ ಕಟ್ಟೋ ವೈರಸ್ ರೋಗ, ಅದರ ಲಸಿಕೆ ಮೊಟ್ಟೆಯೊಡೆದ ದಿನವೇ ಆಗಬೇಕಿತ್ತು, ನಿಮ್ಮ ಮರಿಗಳಿಗೆ ಆ ಹೊತ್ತು ದಾಟಿದೆ. ಆ ಲಸಿಕೆ ಗಡ್ಡೆ ತಡೆಯುತ್ತೆ, ವೈರಸ್ ಹರಡೋದನ್ನ ತಡೆಯಲ್ಲ. ಸೊಳ್ಳೆ ಜಾಸ್ತಿ ಇದ್ದರೆ ಕೋಳಿ ಸಿಡುಬಿನ ಲಸಿಕೆ ಬೇಕು. ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚಿ, ಒಂದು ವಾರ ಕಳೆದು ಅಲ್ಲಿ ಊತ, ಹಕ್ಕಳೆ ಕಾಣಿಸಿದರೆ ಹಿಡಿದಿದೆ ಅಂತ. ಸೊರಗಿದ ಕೋಳಿಗೆ ಯಾವುದನ್ನೂ ಹಾಕಬೇಡಿ. ಹೊಸ ಕೋಳಿ ತಂದರೆ ಮೂರು ನಾಲ್ಕು ವಾರ ಬೇರೆ ಕಡೆ ಇಡಿ, ಲಸಿಕೆ ಆಗಿದ್ದರೂ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಧನ್ಯವಾದ. ಪಕ್ಕದವರದ್ದೂ ಸೇರಿ ನಲವತ್ತು ಕೋಳಿ ಆಯ್ತು, ನಾಡಿದ್ದು ಬೆಳಿಗ್ಗೆ ಹಾಕಿಸ್ತೀವಿ. ಹನಿ ಬಿಡುವಾಗ ನಮ್ಮ ಕಣ್ಣಿಗೆ ಸಿಡಿದರೆ?

ಉತ್ತರ 1:
ಕಣ್ಣು ಕೆಂಪಾಗಿ ಕೆಲವು ದಿನ ಉರಿಯಬಹುದು ಅಕ್ಕಾ. ತಕ್ಷಣ ನೀರಲ್ಲಿ ಚೆನ್ನಾಗಿ ತೊಳೆದುಕೊಳ್ಳಿ, ಉರಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಕೆಲಸ ಮುಗಿಯೋವರೆಗೆ ಕೈಯಿಂದ ಕಣ್ಣು ಉಜ್ಜಬೇಡಿ. ಉಳಿದ ಲಸಿಕೆ, ಬಾಟಲಿ ಎರಡನ್ನೂ ಕುದಿಸಿ ಎಸೆಯಿರಿ.