‘ಸೈರಿಸು’ ಎಂದರೆ ತಡೆದುಕೊಳ್ಳುವುದು ಮಾತ್ರವೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಕಲಬುರಗಿಯ ನಮ್ಮ ಓಣಿಯಲ್ಲಿ ಗಣಪತಿಗೂ ಮೊಹರಮ್ಮಿಗೂ ಚಪ್ಪರ ಹಾಕುವ ಜಾಗ ಒಂದೇ. ಅಲ್ಲಿ ತೂಗುಹಾಕುವ ಫಲಕಕ್ಕೆ ಒಂದು ಸಾಲು ಬೇಕೆಂದರು. ಕನ್ನಡ ಮಾಸ್ತರನಲ್ಲವೇ, ‘ಪರಧರ್ಮವನ್ನು ಸೈರಿಸುವುದೇ ಚಿನ್ನ’ ಎಂದು ಬರೆದುಕೊಟ್ಟೆ. ಎದುರು ಮನೆಯ ದರ್ಜಿ ಚಾಚಾ ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡು ಓದಿದರು. “ನನ್ನನ್ನು ಸೈರಿಸುತ್ತೀರೇನು ಮಾಸ್ತರೇ? ನಾನೇನು ಹಲ್ಲುನೋವೇ?”

ಸಾಲು ನನ್ನ ಸ್ವಂತದ್ದಲ್ಲ. ಇಲ್ಲೇ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ನೃಪತುಂಗನ ಕಾಲದ, 9ನೇ ಶತಮಾನದ ‘ಕವಿರಾಜಮಾರ್ಗ’ದ್ದು. ‘ಕಸವರಮೆಂಬುದು ನೆಱೆ ಸೈರಿಸಲಾರ್ಪೊಡೆ’ ಎಂದು ಶುರುವಾಗುವ ಆ ಪದ್ಯ, ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲುದನ್ನೇ ಬಂಗಾರವೆನ್ನುತ್ತದೆ. ‘ನೆಱೆ’ ಎಂದರೆ ಪೂರ್ತಿಯಾಗಿ. ‘ಆರ್ಪೊಡೆ’ ಎಂದರೆ ಶಕ್ತನಾದರೆ. ಹಲ್ಲು ಕಚ್ಚಿ ತಡೆದುಕೊಳ್ಳುವುದಕ್ಕೆ ಇಷ್ಟು ದೊಡ್ಡ ಮಾತು ಬೇಕಿರಲಿಲ್ಲ ಎಂದು ನನ್ನ ಗುಮಾನಿ. ಈ ಪದ ‘ಸಹಿಸು’ವಿನ ನಂಟೇ, ಅಥವಾ ನೇರ, ಸರಿ ಎಂಬರ್ಥದ ‘ಸೈ’ಗೆ ಸೇರಿದ್ದೇ? ಎರಡನೆಯದಾದರೆ ನನ್ನ ಫಲಕ ಉಳಿದೀತು.

ಸರ್ವಜ್ಞನ ‘ತನ್ನಂತೆ ಪರರ ಬಗೆದೊಡೆ’ ಹಾಕೋಣವೆಂದರೆ ಅಲ್ಲಿ ಬೇರೆ ತೊಡಕು. ಅವನ ‘ಬಗೆ’ ಎಂದರೆ ಎಣಿಸು, ಭಾವಿಸು. ನನಗೆ ಒಲ್ಲದ್ದು ಇನ್ನೊಬ್ಬನಿಗೂ ಒಲ್ಲದ್ದೆಂದು ತಿಳಿ ಎಂಬಷ್ಟು ಸರಳ. ಈಗಿನ ಪತ್ರಿಕೆ ತೆರೆಯಿರಿ: ಬಗೆಯುವುದೆಲ್ಲ ದ್ರೋಹ, ಕೇಡು, ಅನ್ಯಾಯ. ಒಳ್ಳೆಯದನ್ನು ಬಗೆದವರ ಸುದ್ದಿಯೇ ಇಲ್ಲ. ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ ‘ಪರರ ಬಗೆದೊಡೆ’ ಎಂದರೆ ‘ಪರರನ್ನು ಸೀಳಿದರೆ’ ಎಂದು ಬರೆದಿದ್ದ. ಕೋಪ ಬಂತು, ಆದರೆ ‘ಹೊಟ್ಟೆ ಬಗೆ’ ಎಂಬ ಬಳಕೆ ಇರುವಾಗ ಅವನದೇನು ತಪ್ಪು? ಅರ್ಧ ಅಂಕ ಕೊಟ್ಟೆ.

ಚಾಚಾ ಸೂಚಿಸಿದ ಪದ ‘ಲಿಹಾಜ್’. ಎದುರಿನವರ ಮನಸ್ಸು ನೋಡಿ ನಡೆಯುವುದು. ಉರುಸಿನ ರಾತ್ರಿ ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಧ್ವನಿವರ್ಧಕದ ಮುಖವನ್ನು ಆಚೆ ತಿರುಗಿಸಿದರೆ ಅದು ಲಿಹಾಜ್ ಎಂದರು. ಕನ್ನಡದಲ್ಲಿ ಇದಕ್ಕೆ ಪದವಿಲ್ಲವೇ ಎಂದು ತಲೆ ಕೆರೆದುಕೊಂಡಾಗ ಹೊಳೆದದ್ದು ‘ಮುಲಾಜು’. ಎರಡೂ ಒಂದೇ ಅರಬ್ಬಿ ಧಾತುವಿನವು. ಆದರೆ ನಾವು ಅದನ್ನು ‘ಇಲ್ಲದೆ’ ಜೊತೆಗೇ ಕಟ್ಟಿಹಾಕಿದ್ದೇವೆ: ಮುಲಾಜಿಲ್ಲದೆ ಕ್ರಮ, ಮುಲಾಜಿಲ್ಲದೆ ತೆರವು. ‘ಮುಲಾಜಿರಲಿ’ ಎಂದು ಫಲಕ ಬರೆಸಿದರೆ ಯಾರೋ ವಸೂಲಿಗೆ ಬಂದಿದ್ದಾರೆ ಎಂದುಕೊಂಡಾರು.

ಆದ್ದರಿಂದ ಕೇಳುತ್ತಿದ್ದೇನೆ. ಬೀದರ, ಯಾದಗಿರಿ ಕಡೆಯವರು ಲಿಹಾಜಿಗೆ ಮನೆಮಾತಿನಲ್ಲಿ ಏನೆನ್ನುತ್ತೀರಿ? ‘ಸೈರಿಸು’ವನ್ನು ನೋವಿಲ್ಲದ ಅರ್ಥದಲ್ಲಿ ಬಳಸಿದ ಹಳಗನ್ನಡ ಪ್ರಯೋಗವೇನಾದರೂ ಕಂಡಿದೆಯೇ? ಬಣ್ಣದವನು ಗುರುವಾರ ಬರುತ್ತಾನೆ. ಸದ್ಯ ಫಲಕಕ್ಕೆ ಬಿಳಿ ಬಳಿದು ಚಾಚಾನ ಅಂಗಡಿಯ ಗೋಡೆಗೆ ಒರಗಿಸಿಟ್ಟಿದ್ದೇವೆ.