ಸಹಾಯ ಬೇಕು: ಐರಿಶ್ ನಂಟಿನ ಪುಸ್ತಕಗಳಿಗೆ ಕೋಹಾ ಲೈಬ್ರರಿ ಸಾಫ್ಟ್‌ವೇರಿನಲ್ಲಿ ಯಾವ ಫೀಲ್ಡ್?

ನಮ್ಮ ಲೈಬ್ರರಿಯಲ್ಲಿ ಐರ್ಲೆಂಡ್ ನಂಟಿನ ಪುಸ್ತಕಗಳೆಲ್ಲ ಒಂದೇ ಹುಡುಕಾಟಕ್ಕೆ ಸಿಗಬೇಕು. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡೋ ಡ್ಯೂಯಿ ವರ್ಗೀಕರಣದ ಪ್ರಕಾರ ಸ್ವಿಫ್ಟ್, ಬ್ರಾಮ್ ಸ್ಟೋಕರ್ ಇಂಗ್ಲಿಷ್ ಕಾದಂಬರಿಗಳ 823ರಲ್ಲಿ. ಬೆಕೆಟ್ ಫ್ರೆಂಚಿನಲ್ಲಿ ಬರೆದ ನಾಟಕ 842ರಲ್ಲಿ. ಐರಿಶ್ ಭಾಷೆಯವು 891.62ರಲ್ಲಿ. ಯೇಟ್ಸ್ ಮುನ್ನುಡಿಯ ಇಂಗ್ಲಿಷ್ 'ಗೀತಾಂಜಲಿ', ಐರ್ಲೆಂಡಿನಲ್ಲೇ ಹುಟ್ಟಿದ ಸೋದರಿ ನಿವೇದಿತಾ ಪುಸ್ತಕಗಳು ಇನ್ನೆಲ್ಲೋ.

ಬೇರೆ ಕಪಾಟು ಮಾಡಿದರೆ ಕಾಲ್ ನಂಬರ್ ಹಿಡಿದು ಬಂದವರಿಗೆ ಪುಸ್ತಕ ಸಿಗಲ್ಲ. ಬೆನ್ನಿಗೆ ಹಸಿರು ಸ್ಟಿಕರ್ ಅಂಟಿಸಿದ್ದಾಯ್ತು, ಅದು ಓದುಗರು ಹುಡುಕೋ ಆನ್‌ಲೈನ್ ಕ್ಯಾಟಲಾಗ್ ಆದ ಓಪ್ಯಾಕ್‌ನಲ್ಲಿ ಕಾಣಲ್ಲ. ಕ್ಯಾಟಲಾಗ್ ದಾಖಲೆಯ 043 ಫೀಲ್ಡಿನಲ್ಲಿ ಐರ್ಲೆಂಡ್ ಕೋಡ್ ಹಾಕಿ ನೋಡಿದ್ವಿ. ಆದರೆ ಅದು ಪುಸ್ತಕದ ವಿಷಯ ಯಾವ ಜಾಗದ್ದು ಅಂತ ಹೇಳೋ ಫೀಲ್ಡ್. ಟ್ರಾನ್ಸಿಲ್ವೇನಿಯಾದ ಕಥೆಯಿರೋ ಸ್ಟೋಕರ್ ಅವರ 'ಡ್ರಾಕುಲಾ'ಗೆ ಅದು ತಪ್ಪೇ. ಲೇಖಕರ ಹಿನ್ನೆಲೆಗೆ 386 ಇದೆ, ಸರಿ. 'ಗೀತಾಂಜಲಿ'ಯಲ್ಲಿ ಐರಿಶ್ ಆಗಿರೋದು ಮುನ್ನುಡಿಕಾರರು ಮಾತ್ರ, ಅಲ್ಲೇ ಸಿಕ್ಕಿಬಿದ್ದಿದ್ದೀವಿ.

ಬಲ್ಲವರು ಹೇಳಿ: ಮುನ್ನುಡಿಕಾರರಿಗೂ 386 ಬಳಸಬಹುದಾ, ಇಲ್ಲಾ ಎಲ್ಲಕ್ಕೂ 690ರಲ್ಲಿ 'ಐರಿಶ್ ನಂಟು' ಅಂತ ಒಂದೇ ಸ್ಥಳೀಯ ವಿಷಯಪದ ಹಾಕೋದು ವಾಸಿನಾ?